ಬೇಳೆ ಬೇಯುವ ನೀರು

ನನ್ನ ಕೆಲಸದಲ್ಲಿ ಬ್ಲಾಂಕ್ ಎಂಬ ಒಂದು ಬಾಟಲಿ ಇರುತ್ತದೆ. ಹೆಸರು ಕೇಳಿ ಖಾಲಿ ಬಾಟಲಿ ಎಂದುಕೊಳ್ಳಬೇಡಿ. ಅದರಲ್ಲೂ ನೀರಿರುತ್ತದೆ, ಆ ನೀರಿನಲ್ಲಿ ಮಾತ್ರ ಏನೂ ಇರಬಾರದು. ಉಳಿದ ಬಾಟಲಿಗಳಿಗೆ ಪರೀಕ್ಷಾ ಬಾವಿಗಳ ನೀರು ತುಂಬುತ್ತೇವೆ. ಇದಕ್ಕೆ ಪ್ರಯೋಗಾಲಯದವರು ಕ್ಯಾನಿನಲ್ಲಿ ಕೊಟ್ಟ ಶುದ್ಧ ನೀರನ್ನು ಆ ಬಾವಿಗಳ ಪಕ್ಕದಲ್ಲೇ ನಿಂತು ತುಂಬಿ, ಅದೇ ಐಸ್ ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತೇವೆ. ಪರೀಕ್ಷೆಯಲ್ಲಿ ಬ್ಲಾಂಕಿನೊಳಗೂ ವಿಷ ಸಿಕ್ಕರೆ ತಪ್ಪು ಬಾವಿಯದ್ದಲ್ಲ, ನಮ್ಮದು. ನಮ್ಮ ಕೈ ಕೊಳೆಯಾಗಿತ್ತು, ಇಲ್ಲವೇ ಪೆಟ್ಟಿಗೆ ಕೊಳೆಯಾಗಿತ್ತು ಎಂದು ಅರ್ಥ. ಹಾಗಾಗಿ ಉಳಿದ ಬಾಟಲಿಗಳು ಬಾವಿಯ ಗುಟ್ಟು ಹೇಳಿದರೆ ಈ ಒಂದು ಬಾಟಲಿ ನಮ್ಮ ಗುಟ್ಟು ಹೇಳುತ್ತದೆ.

ಈ ಕೆಲಸಕ್ಕೆ ನಾನು ಬಂದದ್ದು ತಡವಾಗಿ. ಬಿ.ಎಸ್ಸಿ. ಮುಗಿಸಿ, ಮೈಸೂರಿನ ಸರಸ್ವತಿಪುರಂನ ಟ್ಯುಟೋರಿಯಲ್ ಒಂದರಲ್ಲಿ ಇಪ್ಪತ್ತು ವರ್ಷ ಕೆಮಿಸ್ಟ್ರಿ ಹೇಳಿಕೊಟ್ಟು ಗಂಟಲು ಹಾಳುಮಾಡಿಕೊಂಡ ಮೇಲೆ, ಬಾಯಿ ಬಿಡದೆ ಮಾಡುವ ಕೆಲಸ ಯಾವುದಾದರೂ ಸಿಕ್ಕರೆ ಸಾಕು ಎನಿಸಿತ್ತು. ಅದೇ ಹೊತ್ತಿಗೆ ಮುಚ್ಚಿಹೋದ ಕೀಟನಾಶಕ ಕಾರ್ಖಾನೆಯೊಂದರ ನೆಲದಡಿಯ ನೀರನ್ನು ಶುದ್ಧ ಮಾಡಲು ಬಂದ ತಂಡದವರು, ಮಾದರಿ ತೆಗೆಯಲು ಜನ ಹುಡುಕುತ್ತಿದ್ದರು. ಬಾವಿಗಳಿಗೆ ಪಾಠ ಹೇಳಬೇಕಾಗಿಲ್ಲವಲ್ಲ ಎಂದು ಸೇರಿಕೊಂಡೆ. ಅದು ನನ್ನ ಅಪ್ಪ ದುಡಿದ ಕಾರ್ಖಾನೆ. ಅರ್ಜಿಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ, ನಾನೂ ಬರೆಯಲಿಲ್ಲ.

ವಿದ್ಯಾರಣ್ಯಪುರಂ ಮುಗಿಯುವ ಕಡೆ ನಮ್ಮ ಮನೆ. ಕಾರ್ಖಾನೆ ಇನ್ನೂ ಮೇಲೆ, ಬೆಟ್ಟದ ದಿಕ್ಕಿಗೆ. ನಾನು ಚಿಕ್ಕವಳಿದ್ದಾಗ ಬಸ್ಸಿನ ಕಂಡಕ್ಟರುಗಳು ಆ ಸ್ಟಾಪನ್ನು ‘ಔಷಧಿ ಕಂಪ್ನಿ’ ಎಂದು ಕೂಗುತ್ತಿದ್ದರು. ಬೆಳೆಗೆ ಹೊಡೆಯುವುದನ್ನೂ ಕೆಮ್ಮಿಗೆ ಕುಡಿಯುವುದನ್ನೂ ನಮ್ಮ ಕಡೆ ಒಂದೇ ಮಾತಿನಲ್ಲಿ ಕರೆಯುತ್ತೇವೆ. ಅಪ್ಪ ಔಷಧಿ ಮಾಡುತ್ತಾರೆ ಎಂದು ಶಾಲೆಯಲ್ಲಿ ಹೇಳಿಕೊಂಡು ಮೆರೆದವಳು ನಾನು. ಗೆಳತಿಯೊಬ್ಬಳಿಗೆ ಜ್ವರ ಬಂದಾಗ, ನಿಮ್ಮಲ್ಲಿಂದ ಒಂದು ಸಣ್ಣ ಶೀಶೆ ತಂದುಕೊಡಿ ಎಂದು ಅಪ್ಪನ ಬೆನ್ನು ಬಿದ್ದಿದ್ದೆ. ಅಪ್ಪ ಅವತ್ತು ನಕ್ಕರು. “ಹುಳಕ್ಕೆ ಹೊಡಿಯೋ ಔಷ್ದಿ ಕಣವ್ವ ನಮ್ದು, ಮನುಸ್ರಿಗಲ್ಲ,” ಎಂದರು.

ಅಪ್ಪನ ಕೆಲಸ ಡ್ರಮ್ಮು ತೊಳೆಯುವುದು. ಪುಡಿ, ಎಣ್ಣೆ, ದ್ರಾವಕ ಬಂದ ಡ್ರಮ್ಮುಗಳನ್ನು ತೊಳೆದು ಬೋರಲು ಹಾಕಬೇಕು. ತೊಳೆದ ನೀರು ಷೆಡ್ಡಿನ ಹಿಂದಿದ್ದ ಕಲ್ಲು ತುಂಬಿದ ಗುಂಡಿಗೆ ಹೋಗುತ್ತಿತ್ತು. ಇಂಗುಗುಂಡಿ ಎನ್ನುತ್ತಿದ್ದರು. ಆಗಿನ ಪದ್ಧತಿಯೇ ಅದು, ಯಾರೂ ಅದನ್ನು ತಪ್ಪು ಎನ್ನುತ್ತಿರಲಿಲ್ಲ. ಒಮ್ಮೆ ಆಯುಧ ಪೂಜೆಯ ದಿನ ಮನೆಯವರನ್ನೆಲ್ಲ ಒಳಗೆ ಬಿಟ್ಟಿದ್ದರು. ಚೆಂಡುಹೂವು ಸುತ್ತಿದ ಡ್ರಮ್ಮುಗಳನ್ನು ತೋರಿಸಿದ ಮೇಲೆ ಅಪ್ಪ ಆ ಗುಂಡಿಯನ್ನೂ ತೋರಿಸಿದರು. ಇಷ್ಟು ನೀರು ಎಲ್ಲಿ ಹೋಗುತ್ತದೆ ಎಂದು ಕೇಳಿದೆ. ನೆಲಕ್ಕೆ ದೊಡ್ಡ ಹೊಟ್ಟೆ, ಎಲ್ಲವನ್ನೂ ಅರಗಿಸಿಕೊಳ್ಳುತ್ತದೆ ಎಂದು ಹೇಳಿದರು. ತೀರ ಗೊತ್ತಿರುವ ಸಂಗತಿಯನ್ನು ಹೇಳುವ ಧಾಟಿಯಲ್ಲಿ ಹೇಳಿದರು. ನಾನೂ ನಂಬಿದೆ.

ಈಗ ಆ ಗುಂಡಿ ಇದ್ದ ಜಾಗದಲ್ಲಿ ತಗಡಿನ ಷೆಡ್ಡು ನಿಂತಿದೆ. ಒಳಗೆ ಪಂಪುಗಳು ನೆಲದಡಿಯ ನೀರನ್ನು ಮೇಲೆತ್ತಿ, ಇದ್ದಿಲು ತುಂಬಿದ ಎತ್ತರದ ಟ್ಯಾಂಕುಗಳ ಮೂಲಕ ಹಾಯಿಸುತ್ತವೆ. ಇದ್ದಿಲು ವಿಷ ಹಿಡಿದುಕೊಳ್ಳುತ್ತದೆ, ನೀರು ಮುಂದೆ ಹೋಗುತ್ತದೆ. ಸುತ್ತಲೂ ಕಾಂಪೌಂಡಿನವರೆಗೆ ಪರೀಕ್ಷಾ ಬಾವಿಗಳು. ಬಾವಿ ಎಂದರೆ ಮೊಣಕಾಲೆತ್ತರಕ್ಕೆ ಚಾಚಿಕೊಂಡಿರುವ ಪೈಪು, ಅದರ ಮೇಲೊಂದು ಬೀಗ ಹಾಕಿದ ಮುಚ್ಚಳ, ಮುಚ್ಚಳದ ಮೇಲೆ ನಂಬರು. ಹೋದ ತಕ್ಷಣ ಬಾಟಲಿ ಒಡ್ಡುವ ಹಾಗಿಲ್ಲ. ಪೈಪಿನಲ್ಲಿ ಮೊದಲಿಂದ ನಿಂತಿರುವ ನೀರು ಸುಳ್ಳು ನೀರು, ಅದನ್ನೆಲ್ಲ ಎಳೆದು ಹಾಕಿ, ಆಳದಿಂದ ಹೊಸ ನೀರು ಬರುವವರೆಗೆ ಕಾಯಬೇಕು. ಆಮೇಲೆ ಗಾಜಿನ ಸಣ್ಣ ಬಾಟಲಿಗೆ ಒಂದು ಗುಳ್ಳೆಯೂ ಉಳಿಯದಂತೆ ತುಂಬಿ, ತಲೆಕೆಳಗು ಮಾಡಿ ನೋಡಬೇಕು. ಗುಳ್ಳೆ ಕಂಡರೆ ಚೆಲ್ಲಿ ಇನ್ನೊಂದು ಸಲ.

ಮುಚ್ಚಳ ತೆಗೆದ ಕೂಡಲೆ ಪೈಪಿನಿಂದ ತಣ್ಣಗೆ ಒಂದು ಉಸಿರು ಬರುತ್ತದೆ. ಗುಂಡಿಯ ಹತ್ತಿರದ ಬಾವಿಯಲ್ಲಿ ಮೊದಲ ಸಲ ಆ ಉಸಿರು ಮುಖಕ್ಕೆ ಬಡಿದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅದು ಅಪ್ಪನ ಖಾಕಿ ಅಂಗಿಯ ವಾಸನೆ. ಅಂಗಿಯನ್ನು ಅವ್ವ ಬೇರೆ ಬಕೆಟ್ಟಿನಲ್ಲಿ ನೆನೆಸಿಡುತ್ತಿದ್ದಳು, ಎಷ್ಟು ಉಜ್ಜಿದರೂ ಹೋಗದ ವಾಸನೆ, ತುಸು ಸಿಹಿ ಅನ್ನಿಸುವಂಥದ್ದು. ಅಪ್ಪ ತೀರಿಕೊಂಡು ಹದಿನಾರು ವರ್ಷವಾಗಿತ್ತು. ಲಿವರ್ ಹೋಗಿತ್ತು ಎಂದಿದ್ದರು ಡಾಕ್ಟರು. ಕುಡಿಯುತ್ತಿದ್ದರಾ ಎಂದು ಕೇಳಿದರು, ಇಲ್ಲ ಎಂದೆವು, ಮಾತು ಅಲ್ಲಿಗೇ ನಿಂತಿತ್ತು. ಮುಚ್ಚಳ ತೆಗೆದಾಗಲೆಲ್ಲ ಅವರು ಕೆಳಗೆಲ್ಲೋ ಕೂತು ಇನ್ನೂ ಡ್ರಮ್ಮು ತೊಳೆಯುತ್ತಿದ್ದಾರೆ ಎನಿಸುತ್ತಿತ್ತು. ನಾನು ದೆವ್ವ ಭೂತ ನಂಬುವವಳಲ್ಲ. ನಂಬುವವರಿಗೆ ತಾಯತ ಕಟ್ಟಿಸಿಕೊಳ್ಳುವ ದಾರಿಯಾದರೂ ಇರುತ್ತದೆ.

ಇನ್ನು ನಮ್ಮ ಬಾವಿ. ಹಿತ್ತಲಿನಲ್ಲಿ ಅಪ್ಪನೇ ನಿಂತು ತೋಡಿಸಿದ್ದು. ಅವ್ವನ ಪಾಲಿಗೆ ಅಪ್ಪ ಜೀವಮಾನದಲ್ಲಿ ಮಾಡಿದ ಒಂದೇ ಒಂದು ಸರಿಯಾದ ಕೆಲಸ ಅದು. ನೀರು ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲು ಅವ್ವನಿಗೆ ಪ್ರಯೋಗಾಲಯ ಬೇಕಿಲ್ಲ. ತೊಗರಿಬೇಳೆ ಬೆಣ್ಣೆಯ ಹಾಗೆ ಬೆಂದರೆ ಒಳ್ಳೆಯ ನೀರು, ಬೇಳೆ ಬೇಳೆಯಾಗಿಯೇ ಉಳಿದರೆ ಕೆಟ್ಟ ನೀರು. ನಮ್ಮ ಬೀದಿಯಲ್ಲಿ ಕೊರೆಸಿದ ಬೋರುಗಳಲ್ಲೆಲ್ಲ ಬರೀ ಗಡಸು ನೀರು. ನಮ್ಮ ಬಾವಿಯದ್ದು ಸಿಹಿ, ಒಂದೇ ಕುದಿಗೆ ಬೇಳೆ ಕರಗುತ್ತಿತ್ತು. ನೆಂಟರ ಮನೆಯಲ್ಲಿ ಸಾರು ಚೆನ್ನಾಗಿಲ್ಲದಿದ್ದರೆ ಅವ್ವ ಅವರ ಕೈಯನ್ನು ಬಯ್ಯುತ್ತಿರಲಿಲ್ಲ, ಪಾಪ ಅವರ ನೀರು ಸರಿಯಿಲ್ಲ ಎನ್ನುತ್ತಿದ್ದಳು. ಆ ಜಂಬ ನನಗೂ ಬಂದಿತ್ತು. ಎಲ್ಲಿ ಹೋದರೂ ಸ್ಟೀಲಿನ ಬಾಟಲಿಯಲ್ಲಿ ನಮ್ಮ ಬಾವಿಯ ನೀರೇ. ಎದುರು ಮನೆಯಾಕೆ ಅಡುಗೆಗೆಂದು ದಿನಕ್ಕೆರಡು ಕೊಡ ಒಯ್ಯುತ್ತಿದ್ದಳು. ಮಗಳು ಹೆರಿಗೆಗೆ ಬಂದ ಮೇಲೆ ಅದು ನಾಲ್ಕು ಕೊಡವಾಯಿತು. ಬಸುರಿಗೆ, ಆಮೇಲೆ ಬಾಣಂತಿಗೆ, ನಲ್ಲಿಯ ಬ್ಲೀಚಿಂಗ್ ನೀರು ಯಾಕೆ ಎಂದು ಅವ್ವನೇ ಕರೆದು ಕೊಡುತ್ತಿದ್ದಳು.

ಮನೆಯಲ್ಲಿ ಆ ನೀರು ಒಲ್ಲೆ ಎಂದವರು ಅಪ್ಪ ಒಬ್ಬರೇ. ರಿಟೈರಾಗುವುದಕ್ಕೆ ಕೆಲವು ವರ್ಷ ಮುಂಚಿನಿಂದ ಅವರು ತಮಗೊಂದು ಮಣ್ಣಿನ ಹೂಜಿ ಇಟ್ಟುಕೊಂಡು, ಬೀದಿ ನಲ್ಲಿಯ ನೀರು ತಾವೇ ಹಿಡಿದು ತುಂಬಿಕೊಳ್ಳುತ್ತಿದ್ದರು. ಬ್ಲೀಚಿಂಗ್ ರುಚಿ ಹತ್ತಿಬಿಟ್ಟಿದೆ ಎನ್ನುತ್ತಿದ್ದರು. ನಾವು ಗೇಲಿ ಮಾಡಿದ್ದೇ ಮಾಡಿದ್ದು. ಒಮ್ಮೆ ಬಾವಿ ಮುಚ್ಚಿಸಿಬಿಡೋಣ, ಯಾರ ಮನೆ ಮಗುವಾದರೂ ಬಿದ್ದೀತು ಎಂದರು. ಅವ್ವ ಬಾಗಿಲಿರುವ ಕಬ್ಬಿಣದ ಜಾಲರಿ ಹಾಕಿಸಿದಳು. ಇನ್ನೊಮ್ಮೆ ವಾಸ್ತು ಸರಿಯಿಲ್ಲ ಎಂದರು. ಜೀವಮಾನದಲ್ಲಿ ಪಂಚಾಂಗ ನೋಡದ ಮನುಷ್ಯನ ಬಾಯಲ್ಲಿ ವಾಸ್ತು ಕೇಳಿ ನಾನೂ ಅವ್ವನೂ ನಕ್ಕು ಸುಸ್ತಾಗಿದ್ದೆವು. ಅಪ್ಪ ಆಮೇಲೆ ಆ ಮಾತು ಎತ್ತಲಿಲ್ಲ.

ನಾನು ಎಡವಿದ ದಿನಕ್ಕೆ ಬರುತ್ತೇನೆ. ಅವತ್ತು ಬೆಳಿಗ್ಗೆ ಕಾಂಪೌಂಡಿನ ಅಂಚಿನ ಬಾವಿಗಳ ಸರದಿ. ವಿಷ ಗೋಡೆ ದಾಟಿ ಮನೆಗಳ ಕಡೆ ಹೋಗಿದೆಯೋ ಇಲ್ಲವೋ ಎಂಬುದು ಅವುಗಳಿಂದಲೇ ತಿಳಿಯಬೇಕು. ಎಲ್ಲ ಬಾಟಲಿ ತುಂಬಿ ಮುಗಿಸಿ ಬ್ಲಾಂಕಿಗೆ ಕೈ ಹಾಕಿದರೆ, ಶುದ್ಧ ನೀರಿನ ಕ್ಯಾನು ಜೀಪಿನಲ್ಲಿ ಮಗುಚಿ ಒಂದು ಹನಿಯೂ ಉಳಿದಿರಲಿಲ್ಲ. ನಮ್ಮ ಇಂಜಿನಿಯರು, ನನಗಿಂತ ತೀರ ಚಿಕ್ಕವರು, ಅಂಗಳದ ಆ ತುದಿಯಲ್ಲಿ ಫೋನಿನಲ್ಲಿ ಮುಳುಗಿದ್ದರು. ಬ್ಲಾಂಕಿಲ್ಲದೆ ಕಳಿಸಿದರೆ ಇಡೀ ದಿನದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಐಸು ಕರಗುತ್ತಿತ್ತು. ನನ್ನ ಸ್ಟೀಲ್ ಬಾಟಲಿ ಸೀಟಿನ ಮೇಲಿತ್ತು.

ಕೆಮಿಸ್ಟ್ರಿ ಹೇಳಿಕೊಟ್ಟವಳು ನಾನು, ನನ್ನ ತಲೆ ಕೂಡಲೇ ಒಂದು ನ್ಯಾಯ ಹುಡುಕಿಕೊಟ್ಟಿತು. ಬಾವಿ ನೀರಿನಲ್ಲಿ ಲವಣ ಇದ್ದರೆ ಇರಲಿ, ಪ್ರಯೋಗಾಲಯ ಹುಡುಕುವುದು ಲವಣವನ್ನಲ್ಲ, ಕಾರ್ಖಾನೆಯ ಆ ದ್ರಾವಕವನ್ನು ಮಾತ್ರ. ಅದು ಎಲ್ಲಿದ್ದರೂ ನಮ್ಮ ಬಾವಿಯಲ್ಲಂತೂ ಇರಲಾರದು, ಬೇಳೆ ಬೆಣ್ಣೆಯಂತೆ ಬೇಯುವ ನೀರು ಅದು. ಇಷ್ಟು ಓದಿದವಳು ಇಂಥ ಲೆಕ್ಕ ಹಾಕಿದೆ ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ. ಆಗ ಅನುಮಾನದ ಎಳೆಯೂ ಇರಲಿಲ್ಲ. ನೀರು ಕುಡಿದಷ್ಟು ಸಲೀಸಾಗಿ ಆ ಬಾಟಲಿ ತುಂಬಿದೆ. ತಲೆಕೆಳಗು ಮಾಡಿ ನೋಡಿದೆ, ಗುಳ್ಳೆ ಇರಲಿಲ್ಲ. ಚೀಟಿಯ ಮೇಲೆ ಬ್ಲಾಂಕ್ ಎಂದು ಬರೆದು ಸಹಿ ಹಾಕಿದೆ.

ಫಲಿತಾಂಶ ಬಂದ ದಿನ ಇಂಜಿನಿಯರು ಖುಷಿಯಲ್ಲಿದ್ದರು. ಅಂಚಿನ ಬಾವಿಗಳೆಲ್ಲ ಶುದ್ಧ, ವಿಷ ಗೋಡೆ ದಾಟಿಲ್ಲ ಎಂದು ವರದಿ ಬರೆಯಬಹುದು ಎಂದರು. ಒಂದು ಬಾಟಲಿಯಲ್ಲಿ ಮಾತ್ರ ಆ ದ್ರಾವಕ ಸಿಕ್ಕಿತ್ತು, ಅದೂ ಬ್ಲಾಂಕಿನಲ್ಲಿ. ಅವರಿಗೆ ಅದು ವಿಚಿತ್ರವಾಗಿ ಕಂಡಿತು. ಪೆಟ್ಟಿಗೆ ಕೊಳೆಯಾಗಿದ್ದರೆ ಎಲ್ಲ ಬಾಟಲಿಗೂ ತಗುಲಬೇಕಿತ್ತಲ್ಲ ಎಂದು ತಲೆ ಕೆರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ಬ್ಲಾಂಕಿಗೆ ಕ್ಯಾನಿನ ನೀರೇ ತಾನೆ ಮೇಡಂ ಹಾಕಿದ್ದು?” ಎಂದು ಕೇಳಿದರು.

ಹೌದು ಎಂದೆ.

ಹಾಗಿದ್ದರೆ ಪ್ರಯೋಗಾಲಯದ್ದೇ ಎಡವಟ್ಟು ಎಂದು ಅವರು ತೀರ್ಮಾನಿಸಿದರು. ಆ ಒಂದು ಬಾಟಲಿಯನ್ನು ಕೈಬಿಟ್ಟು ಅದಕ್ಕೊಂದು ವಿವರಣೆ ಬರೆದರಾಯಿತು ಎಂದು ಮುಂದಿನ ಕೆಲಸಕ್ಕೆ ಹೋದರು. ಕಾಗದದ ಮೇಲೆ ಗೋಡೆ ನಿಂತಿತ್ತು. ಕೆಳಗೆ ಬಂಡೆಯಲ್ಲಿ ಎಲ್ಲೋ ಒಂದು ಬಿರುಕು ಇದೆ, ನಮ್ಮ ಪರೀಕ್ಷಾ ಬಾವಿಗಳು ಆ ಬಿರುಕಿನ ಮೇಲೆ ಕೂತಿಲ್ಲ, ಅಷ್ಟೇ. ಗುಂಡಿಯಿಂದ ಹೊರಟದ್ದು ಗೋಡೆಯಡಿ ನುಸುಳಿ ಇಳಿಜಾರು ಹಿಡಿದು ನೇರವಾಗಿ ನಮ್ಮ ಹಿತ್ತಲಿಗೆ ಬಂದಿದೆ. ಅದು ಗೊತ್ತಿದ್ದದ್ದು ಇಡೀ ಮೈಸೂರಿನಲ್ಲಿ ನನಗೊಬ್ಬಳಿಗೆ. ಸಂಜೆ ಮನೆಗೆ ಬಂದಾಗ ಅವ್ವ ಬಾವಿಕಟ್ಟೆಯ ಹತ್ತಿರ ಕೂತು ಬೇಳೆ ತೊಳೆಯುತ್ತಿದ್ದಳು.

ಹೇಳಬೇಕಿತ್ತು. ಅಲ್ಲೇ, ಆ ಕ್ಷಣ. ನನ್ನ ಬಾಯಿಂದ ಬಂದದ್ದು, ಬಾವಿಯ ಮೋಟರಿನಿಂದ ಏನೋ ಸುಟ್ಟ ವಾಸನೆ ಬರುತ್ತಿದೆ ಎಂಬ ಮಾತು. ಫ್ಯೂಸು ಕಿತ್ತು ಪರ್ಸಿನಲ್ಲಿ ಇಟ್ಟುಕೊಂಡೆ. ಬೆಳಿಗ್ಗೆ ಎದ್ದು ನೋಡಿದರೆ ಅವ್ವ ಅಟ್ಟದಿಂದ ಹಳೆಯ ಹಗ್ಗ ಇಳಿಸಿ, ರಾಟೆಗೆ ಎಣ್ಣೆ ಬಿಟ್ಟು, ಸೇದಿ ಸೇದಿ ಕೊಡ ತುಂಬಿಟ್ಟಿದ್ದಳು. ಅಂಗಡಿಯಿಂದ ದೊಡ್ಡ ಕ್ಯಾನು ತರಿಸಿದೆ. ಮನೇಲಿ ಗಂಗೆ ಇಟ್ಕೊಂಡು ದುಡ್ಡು ಕೊಟ್ಟು ನೀರು ತರ್ತೀಯಲ್ಲ, ತಲೆ ಕೆಟ್ಟಿದೆಯಾ ಎಂದು ಬೈದು ಅದರಲ್ಲಿ ಪಾತ್ರೆ ತೊಳೆದಳು. ಬಾವಿಯಲ್ಲಿ ಇಲಿ ಸತ್ತಿದೆ ಎಂದೆ. ಬಗ್ಗಿ ನೋಡಿ ಇಲ್ಲ ಎಂದಳು. ಒಂಬತ್ತು ದಿನ ಹೀಗೇ ಕಳೆಯಿತು. ರಾಟೆಯ ಕಿರಿಕಿರಿ ಸದ್ದು ಕೇಳಿದಾಗಲೆಲ್ಲ ತಿರುಗಿ ನೋಡುತ್ತಿದ್ದೆ. ಹಿತ್ತಲ ಬಾಗಿಲಲ್ಲಿ ಅಪ್ಪ ಹೂಜಿ ಹಿಡಿದು ನಿಂತ ಹಾಗೆ, ನನ್ನ ಒಂದೊಂದು ನೆಪವನ್ನೂ ಕೇಳಿಸಿಕೊಳ್ಳುತ್ತಿರುವ ಹಾಗೆ ಅನಿಸುತ್ತಿತ್ತು.

ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಉತ್ತರ ಚೆನ್ನಾಗಿಲ್ಲ. ಸುಳ್ಳು ಬ್ಲಾಂಕಿಗೆ ಸಹಿ ಹಾಕಿದವಳೆಂದು ಕೆಲಸ ಹೋದೀತು ಎಂಬ ಭಯವಿತ್ತು. ಅದಕ್ಕಿಂತ ದೊಡ್ಡದು ಇನ್ನೊಂದು. ಅಪ್ಪ ತೋಡಿಸಿದ ಬಾವಿಗೆ ಅಪ್ಪ ತೊಳೆದ ಡ್ರಮ್ಮಿನ ನೀರೇ ಬಂದು ಸೇರಿದೆ ಎಂದು ಅವ್ವನ ಮುಖ ನೋಡಿಕೊಂಡು ಹೇಳುವುದು ಹೇಗೆ ಎಂದು ತಿಳಿಯಲಿಲ್ಲ. ಹೇಳದೆ ಇದ್ದಷ್ಟು ದಿನವೂ ಎದುರು ಮನೆಗೆ ಕೊಡ ಹೋಗುತ್ತಿತ್ತು. ಅದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ.

ಹತ್ತನೆಯ ದಿನ ಗಂಗೆ ಪೂಜೆ. ಬಾಣಂತಿಗೆ ಮೂರು ತಿಂಗಳು ತುಂಬಿ, ಮೊದಲ ಸಲ ತಾನೇ ನೀರು ಸೇದಿ, ಗಂಗೆಗೆ ಪೂಜೆ ಮಾಡಿ, ಸೊಂಟದ ಮೇಲೆ ಕೊಡ ಇಟ್ಟುಕೊಂಡು ಒಳಗೆ ಹೋಗುವ ದಿನ ಅದು. ಬೀದಿಯಲ್ಲಿ ಉಳಿದಿದ್ದ ಬಾವಿ ನಮ್ಮದೊಂದೇ, ಹಾಗಾಗಿ ಪೂಜೆ ನಮ್ಮ ಹಿತ್ತಲಿನಲ್ಲೇ. ಅವ್ವ ಬೆಳಿಗ್ಗೆಯೇ ಕಟ್ಟೆ ತೊಳೆದು ರಂಗೋಲಿ ಹಾಕಿದ್ದಳು. ಎದುರು ಮನೆಯಾಕೆ ತಂಬಿಟ್ಟು, ಚಿಗಳಿ, ವೀಳ್ಯದೆಲೆಯ ತಟ್ಟೆ ಹಿಡಿದು ಬಂದಳು. ಹಿಂದೆಯೇ ಹಸಿರು ಸೀರೆಯುಟ್ಟ ಮಗಳು. ಮಗುವನ್ನು ನನ್ನ ಕೈಗೆ ಕೊಟ್ಟು ಆ ಹುಡುಗಿ ಹಗ್ಗ ಹಿಡಿದಳು. ಮಗು ನನ್ನ ಸೆರಗಿನ ಅಂಚನ್ನು ಬಾಯಿಗೆ ಹಾಕಿಕೊಂಡಿತು. ಅದರ ತಲೆಯಿಂದ ಹರಳೆಣ್ಣೆಯ ಬೆಚ್ಚಗಿನ ವಾಸನೆ ಬರುತ್ತಿತ್ತು. ಕೊಡ ಮೇಲೆ ಬಂತು, ಅರಿಸಿನ ಕುಂಕುಮ ಆಯಿತು, ಆರತಿ ಆಯಿತು. ಅವ್ವ ಕೊಡಕ್ಕೆ ಉದ್ಧರಣೆ ಅದ್ದಿ, ಬಾಣಂತಿಯ ಅಂಗೈಗೆ ತೀರ್ಥ ಬಿಟ್ಟಳು. ಇನ್ನೊಂದು ಉದ್ಧರಣೆ ತುಂಬಿಕೊಂಡು ಮಗುವಿನ ತುಟಿಗೆ ಸವರಲು ನನ್ನ ಕಡೆ ತಿರುಗಿದಳು.

ನಾನು ಮಗುವಿನ ಮುಖ ಪಕ್ಕಕ್ಕೆ ತಿರುಗಿಸಿದೆ. “ಬೇಡ ಅವ್ವ. ಕುಡೀಬೇಡ ಕಣಮ್ಮ ನೀನೂ, ಚೆಲ್ಲಿಬುಡು,” ಎಂದೆ. “ಕಂಪ್ನಿ ಔಷ್ದಿ ಬಂದದೆ ನಮ್ಮ ಬಾವೀಗೆ.”

ಆ ಹುಡುಗಿ ಅಂಗೈಯನ್ನು ಹಾಗೇ ಹಿಡಿದುಕೊಂಡಿದ್ದಳು. ಬೆರಳ ಸಂದಿಯಿಂದ ನೀರು ತಾನಾಗಿಯೇ ಇಳಿದುಹೋಯಿತು. ಆಮೇಲೆ ನಾನು ಎಲ್ಲವನ್ನೂ ಹೇಳಿದೆ, ಬ್ಲಾಂಕಿನದ್ದು, ಫ್ಯೂಸಿನದ್ದು, ಎಲ್ಲ. ಎದುರು ಮನೆಯಾಕೆ ಒಂದೇ ಪ್ರಶ್ನೆ ಕೇಳಿದಳು, ಎಷ್ಟು ದಿನದಿಂದ ಗೊತ್ತಿತ್ತು ಎಂದು. ಒಂಬತ್ತು ದಿನ ಎಂದೆ. ಅವಳು ಮಗುವನ್ನು ನನ್ನ ತೋಳಿನಿಂದ ಎತ್ತಿಕೊಂಡಳು. ಕಿತ್ತುಕೊಳ್ಳಲಿಲ್ಲ, ಮೆಲ್ಲಗೆ ಎತ್ತಿಕೊಂಡಳು, ಅದೇ ಹೆಚ್ಚು ಚುಚ್ಚಿತು. ತಟ್ಟೆಯನ್ನು ಕಟ್ಟೆಯ ಮೇಲೆಯೇ ಬಿಟ್ಟು ಹೋದರು.

ಮರುದಿನ ಕಚೇರಿಗೆ ಹೋಗಿ ಇಂಜಿನಿಯರಿಗೆ ಹೇಳಿ, ಬರೆದೂ ಕೊಟ್ಟೆ. ಅವರು ಅದನ್ನು ಎರಡೆರಡು ಸಲ ಓದಿದರು. ಕೊನೆಗೆ, ನೀವು ಮಾಡಿದ್ದು ದೊಡ್ಡ ತಪ್ಪು, ಆದರೆ ಆ ತಪ್ಪು ಮಾಡದೆ ಹೋಗಿದ್ದರೆ ನಾವು ಎಂದೂ ಆ ಕಡೆ ನೋಡುತ್ತಿರಲಿಲ್ಲ ಎಂದರು. ವರದಿ ನಿಂತಿತು. ಬೀದಿಯ ಬೋರುಗಳನ್ನೆಲ್ಲ ಪರೀಕ್ಷಿಸಿದರು, ಇನ್ನೆರಡು ಕಡೆ ಸಿಕ್ಕಿತು. ಕಾಂಪೌಂಡಿನ ಹೊರಗೆ ಹೊಸ ಪಂಪು ಕೂರಿಸುವ ಕೆಲಸ ಶುರುವಾಗಿದೆ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಬ್ಲಾಂಕ್ ತುಂಬುವ ಕೆಲಸ ಮಾತ್ರ ಬೇರೆಯವರಿಗೆ ಕೊಟ್ಟಿದ್ದಾರೆ. ಮಗುವನ್ನು ಡಾಕ್ಟರು ನೋಡಿ ಸದ್ಯಕ್ಕೆ ಚೆನ್ನಾಗಿದೆ ಎಂದಿದ್ದಾರಂತೆ. ಆ ‘ಸದ್ಯಕ್ಕೆ’ ಎಂಬ ಮಾತು ಎದುರು ಮನೆಯಿಂದ ನನಗೆ ನೇರವಾಗಿ ಬರಲಿಲ್ಲ, ಹಾಲಿನವಳ ಬಾಯಿಂದ ಬಂತು.

ನಮ್ಮ ಬಾವಿಗೆ ಕಬ್ಬಿಣದ ಮುಚ್ಚಳ ಹಾಕಿ, ನಡುವೆ ಪೈಪು ಇಳಿಸಿ, ಬೀಗ ಜಡಿದು ನಂಬರು ಬರೆದರು. ಅವ್ವ ಮೆಟ್ಟಿಲ ಮೇಲೆ ಕೂತು ಎಲ್ಲ ನೋಡಿದಳು. ಅಳಲಿಲ್ಲ, ಯಾರನ್ನೂ ಬಯ್ಯಲಿಲ್ಲ. ಅವರೆಲ್ಲ ಹೋದ ಮೇಲೆ ನನ್ನ ಕೈಯಲ್ಲಿ ಅಟ್ಟದಿಂದ ಅಪ್ಪನ ಹೂಜಿ ಇಳಿಸಿಕೊಂಡು, ತೊಳೆದು, ನಲ್ಲಿಯ ನೀರು ತುಂಬಿದಳು. ಒಂದು ಲೋಟ ತಾನು ಕುಡಿದಳು, ಒಂದು ನನಗೆ ಕೊಟ್ಟಳು. ಬ್ಲೀಚಿಂಗ್ ವಾಸನೆ ಮೂಗಿಗೆ ಹೊಡೆಯಿತು.

“ಅವರ್ಗೆ ಗೊತ್ತಿತ್ತು ಕಣವ್ವ,” ಎಂದಳು ಅವ್ವ. “ಅದ್ಕೇ ಮುಚ್ಚಾಣ ಅಂತಿದ್ರು. ವಾಸ್ತು ಅಂದ್ರು, ಮಗ ಬೀಳ್ತದೆ ಅಂದ್ರು. ಇಂಗಿಂಗೆ ಅಂತ ಒಂದ್ ಮಾತು ಬಾಯ್ಬುಟ್ಟು ಹೇಳಿದ್ರೆ ನಾನೇನ್ ಕೇಳ್ತಿರ್ನಿಲ್ವಾ? ಯಾಕ್ ಹೇಳ್ನಿಲ್ಲ ಅವ್ರು?”

ಆ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಇನ್ನು ಯಾರಾದರೂ ಉಳಿದಿದ್ದರೆ ಅದು ನಾನೊಬ್ಬಳೇ. ಕಿತ್ತಿಟ್ಟ ಫ್ಯೂಸು ಆಗಲೂ ನನ್ನ ಪರ್ಸಿನಲ್ಲೇ ಇತ್ತು. ಲೋಟ ಖಾಲಿ ಮಾಡಿ ಕೆಳಗಿಟ್ಟೆ. ಗೊತ್ತಿಲ್ಲ ಅವ್ವ ಎಂದೆ.